ಆರ್ಬನ್‌ನ ಪಾಠಪುಸ್ತಕ: ಕಸರತ್ತಿನಾಚೆಯ ಹಾಡು

ಟ್ರಂಪೆಟ್ ವಾದನವನ್ನೇ ವೃತ್ತಿಯಾಗಿ ಹಿಡಿದವರಲ್ಲಿ ಜಾನ್ ಬ್ಯಾಪ್ಟಿಸ್ಟ್ ಆರ್ಬನ್‌ನ ಪಾಠಪುಸ್ತಕವನ್ನು ತೆರೆಯದವರು ಅಪರೂಪ. 1864ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದ ಈ ದೊಡ್ಡ ಪುಸ್ತಕ ಟ್ರಂಪೆಟ್‌ನ ಬಳಗದ ಹಿತ್ತಾಳೆ ವಾದ್ಯಗಳಾದ ಕಾರ್ನೆಟ್ ಮತ್ತು ಸ್ಯಾಕ್ಸ್‌ಹಾರ್ನ್‌ಗಾಗಿ ಬರೆದದ್ದು. ಆದರೂ ಟ್ರಂಪೆಟ್ ವಾದಕರು ಇದನ್ನು ತಮ್ಮ ಬೈಬಲ್ ಎಂದೇ ಕರೆಯುತ್ತಾರೆ. ಒಂದೂವರೆ ಶತಮಾನ ಬಾಳಿದ ಪುಸ್ತಕ ಗೌರವಕ್ಕೆ ಅರ್ಹ. ಆದರೆ ಅದರಲ್ಲಿ ಏನು ಇಂದಿಗೂ ಸಲ್ಲುತ್ತದೆ, ಏನು ಸಲ್ಲದು ಎಂದು ಕೇಳದೆ ಪೂಜಿಸಿದರೆ ಕಲಿಯುವವರಿಗೇ ನಷ್ಟ.

ಆರ್ಬನ್ (1825–1889) ಲಿಯೋನ್‌ನಲ್ಲಿ ಹುಟ್ಟಿ, ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಕಲಿತು, 1869ರಲ್ಲಿ ಅಲ್ಲಿಯೇ ಕಾರ್ನೆಟ್ ಬೋಧಕನಾದ. ಅವನು ಕಲಿಯುವ ಕಾಲಕ್ಕೆ ವಾಲ್ವ್ ಇನ್ನೂ ಹೊಸದು. ಅದಕ್ಕೆ ಮುಂಚಿನ ಟ್ರಂಪೆಟ್‌ನಲ್ಲಿ ಕೊಳವೆಯ ಸಹಜ ಸ್ವರಗಳು ಮಾತ್ರ ಹೊರಡುತ್ತಿದ್ದವು. ಕೆಳಗಿನ ಸ್ಥಾಯಿಯಲ್ಲಿ ಅವುಗಳ ನಡುವೆ ದೊಡ್ಡ ದೊಡ್ಡ ಅಂತರ. ಮೂರು ವಾಲ್ವ್‌ಗಳು ಆ ಅಂತರವನ್ನು ತುಂಬಿದವು. ಹೊಸ ವಾದ್ಯದಿಂದ ಪಿಟೀಲು, ಕೊಳಲುಗಳ ಚುರುಕನ್ನೇ ನಿರೀಕ್ಷಿಸಿದ್ದು ಆರ್ಬನ್‌ನ ಧೈರ್ಯ. ಕರ್ನಾಟಕ ಸಂಗೀತ ಕಲಿತ ನಮ್ಮವರಿಗೆ ಪುಸ್ತಕದ ಜೋಡಣೆ ಪರಿಚಿತ ಅನ್ನಿಸುತ್ತದೆ: ಸರಳೆ, ಜಂಟಿ, ಅಲಂಕಾರ ದಾಟಿ ಗೀತೆಗೆ ಬರುವಂತೆ ಇಲ್ಲಿಯೂ ಸ್ವರಸಾಧನೆ, ಸ್ವರಶ್ರೇಣಿ, ಜಿಗಿತ, ನಾಲಿಗೆಯ ಪಾಠಗಳು ಮೊದಲು, ಹಾಡು ಆಮೇಲೆ.

ನಾಲಿಗೆಯ ಪಾಠಗಳಲ್ಲಿ ಆರ್ಬನ್‌ನ ಒಳನೋಟ ಇಂದಿಗೂ ಮಾಸಿಲ್ಲ. ನಾಲಿಗೆ ಹೊಡೆಯುವುದಿಲ್ಲ, ಹಿಂದಕ್ಕೆ ಸರಿದು ಗಾಳಿಗೆ ದಾರಿ ಬಿಡುತ್ತದೆ ಎಂದು ಅವನು ಸ್ಪಷ್ಟವಾಗಿ ವಿವರಿಸುತ್ತಾನೆ. ಈ ಒಂದು ತಿಳಿವಳಿಕೆ ಇಲ್ಲದೆ ಎಷ್ಟೋ ಕಲಿಯುವವರು ಪ್ರತಿ ಸ್ವರವನ್ನೂ ಗುದ್ದಿ ಹೊರಡಿಸುತ್ತಾರೆ. ವೇಗಕ್ಕೆ 'ತು-ಕು', ಮೂರರ ನಡೆಗೆ 'ತು-ತು-ಕು' ಎಂದು ಅವನು ಹಾಕಿಕೊಟ್ಟ ದಾರಿಯಲ್ಲೇ ವಾದಕರು ಈಗಲೂ ನಡೆಯುತ್ತಿದ್ದಾರೆ. ಪುಸ್ತಕದ ಕೊನೆಯಲ್ಲಿರುವ 'ಕಾರ್ನಿವಲ್ ಆಫ್ ವೆನಿಸ್' ಹಾಡಿನ ಪ್ರಭೇದಗಳಲ್ಲಿ ಈ ಸಾಧನೆಯೆಲ್ಲ ಒಟ್ಟಿಗೆ ಫಲ ಕೊಡುತ್ತದೆ.

ಉಸಿರಿನ ಪಾಠ ಹಾಗಲ್ಲ. ಉಸಿರು ಎಳೆಯುವಾಗ ಹೊಟ್ಟೆ ಉಬ್ಬಬಾರದು, ಎದೆ ಹಿಗ್ಗಿದಂತೆ ಅದು ಮೇಲಕ್ಕೆ ಏರಬೇಕು ಎನ್ನುತ್ತಾನೆ. ಇದನ್ನು ಅಕ್ಷರಶಃ ಪಾಲಿಸಿದರೆ ಭುಜ ಬಿಗಿಯುತ್ತದೆ, ಗಾಳಿ ಮೇಲೆಯೇ ನಿಲ್ಲುತ್ತದೆ, ತುಟಿಯ ಮೇಲೆ ಒತ್ತಡ ಹೆಚ್ಚುತ್ತದೆ. ಶಿಕಾಗೋ ಸಿಂಫನಿಯ ಟ್ಯೂಬಾ ವಾದಕ ಆರ್ನಲ್ಡ್ ಜೇಕಬ್ಸ್ ಇಪ್ಪತ್ತನೇ ಶತಮಾನದಲ್ಲಿ ಹಿತ್ತಾಳೆ ವಾದ್ಯಗಾರರಿಗೆ ಕಲಿಸಿದ್ದು ಇದಕ್ಕಿಂತ ತೀರ ಬೇರೆ: ಸಡಿಲವಾದ ಮೈ, ಧಾರಾಳವಾದ ಉಸಿರು, ಎಲ್ಲಕ್ಕೂ ಮುಂಚೆ ಮನಸ್ಸಿನಲ್ಲಿ ಹಾಡು. ಮೌತ್‌ಪೀಸ್‌ನ ಮೂರನೇ ಒಂದು ಭಾಗ ಮೇಲ್ದುಟಿಗೆ, ಎರಡು ಭಾಗ ಕೆಳದುಟಿಗೆ ಎಂಬ ಆರ್ಬನ್‌ನ ಲೆಕ್ಕವೂ ಅವನ ಬಾಯಿಗೆ ಒಗ್ಗಿದ್ದು. ಹಲ್ಲು, ತುಟಿ ಒಬ್ಬೊಬ್ಬರಿಗೆ ಒಂದೊಂದು ಬಗೆ. ಇದಕ್ಕೆ ತಿರುಗುಮುರುಗಾಗಿ ಇಟ್ಟು ಚೆನ್ನಾಗಿ ನುಡಿಸುವವರು ಬಹಳ ಮಂದಿ ಇದ್ದಾರೆ.

ಆರ್ಕೆಸ್ಟ್ರಾದ ಕೆಲಸಕ್ಕೂ ಈ ಪುಸ್ತಕವೊಂದೇ ಸಾಲದು. ಆಡಿಷನ್‌ಗೆ ಬಂದವರು ಹಲವು ಕಡೆ ಪರದೆಯ ಹಿಂದೆ ನಿಂತು ಹೆಸರಾಂತ ಕೃತಿಗಳ ಸಣ್ಣ ತುಣುಕುಗಳನ್ನು ನುಡಿಸಬೇಕು. ಮಾಲರ್‌ನ ಐದನೇ ಸಿಂಫನಿ, ಮುಸೋರ್ಗ್‌ಸ್ಕಿಯ ಒಂದು ಕೃತಿಗೆ ರವೆಲ್ 1922ರಲ್ಲಿ ಕೊಟ್ಟ ವಾದ್ಯಗೋಷ್ಠಿ ರೂಪ ಎರಡೂ ಒಂಟಿ ಟ್ರಂಪೆಟ್‌ನಿಂದ ಶುರುವಾಗುತ್ತವೆ. ಅಲ್ಲಿ ಎಡವಿದ ಮೊದಲ ಸ್ವರವನ್ನು ಮುಚ್ಚಲು ಬೇರೆ ವಾದ್ಯವಿಲ್ಲ. ಎಷ್ಟೋ ಹೊತ್ತು ಸುಮ್ಮನೆ ಕೂತು, ತಣ್ಣಗಾದ ತುಟಿಯಿಂದ ಮೇಲಿನ ಸ್ವರವನ್ನು ಮೆಲ್ಲಗೆ ಎತ್ತಬೇಕಾದ ಸಂದರ್ಭಗಳೂ ಇವೆ. ಹಳೆಯ ಸ್ವರಲಿಪಿಯನ್ನು ಓದುತ್ತಲೇ ಬೇರೆ ಶ್ರುತಿಗೆ ಬದಲಿಸಿ ನುಡಿಸುವ ಅಭ್ಯಾಸ ಬೇಕು. ಅದಕ್ಕೆ ಸಾಕ್ಸೆಯ ನೂರು ಪಾಠಗಳಂಥ ಬೇರೆ ಪುಸ್ತಕಗಳ ಮೊರೆಹೋಗಬೇಕು.

ನನ್ನ ದೊಡ್ಡ ತಕರಾರು ಇರುವುದು ಆರ್ಬನ್‌ನ ಮೇಲಲ್ಲ, ಅವನನ್ನು ಬಳಸುವ ರೀತಿಯ ಮೇಲೆ. ಪುಸ್ತಕದಲ್ಲಿ 150 ಹಾಡುಗಳ ಒಂದು ಭಾಗವಿದೆ. ಒಪೆರಾದವು, ಜನ ಹಾಡಿಕೊಳ್ಳುತ್ತಿದ್ದವು ಎಲ್ಲ ಅಲ್ಲಿ ಸೇರಿವೆ. ನೋಡಲು ಸುಲಭ, ಹಾಗಾಗಿಯೇ ಹಲವರು ಅವನ್ನು ಹಾರಿಸಿ 14 ಕಠಿಣ ಪಾಠಗಳಿಗೆ ಧಾವಿಸುತ್ತಾರೆ. ಮೆಟ್ರೊನೋಮಿನ ಮುಳ್ಳು ಏರಿದ್ದೇ ಪ್ರಗತಿ ಅಂದುಕೊಳ್ಳುತ್ತಾರೆ. ಆದರೆ ಎಲ್ಲಿ ಉಸಿರು ತೆಗೆದರೆ ಸಾಲು ಮುರಿಯದು, ಯಾವ ಸ್ವರದ ಮೇಲೆ ಭಾರ ಬೀಳಬೇಕು, ಸಾಲು ಎತ್ತ ಸಾಗುತ್ತಿದೆ ಎಂಬುದನ್ನು ಕಲಿಯುವುದು ಆ ಸರಳ ಹಾಡುಗಳಲ್ಲೇ. ವಿಂಟನ್ ಮಾರ್ಸಾಲಿಸ್ 1987ರಲ್ಲಿ ಈಸ್ಟ್‌ಮನ್ ವಿಂಡ್ ಎನ್‌ಸೆಂಬಲ್ ಜೊತೆ ಹೊರತಂದ 'ಕಾರ್ನಿವಲ್' ಧ್ವನಿಮುದ್ರಣದಲ್ಲಿ ಆರ್ಬನ್‌ನ ವೆನಿಸ್ ಪ್ರಭೇದಗಳನ್ನು ಕೇಳಿ. ವೇಗ ಬೆರಗು ಹುಟ್ಟಿಸುತ್ತದೆ, ನಿಜ. ನಮ್ಮನ್ನು ಕಟ್ಟಿಹಾಕುವುದು ಆ ವೇಗದೊಳಗೂ ಕಳೆಯದ ಮೂಲ ಹಾಡು.

ಹಾಗಾಗಿ ನನ್ನ ತೀರ್ಮಾನ ಇಷ್ಟು: ನಾಲಿಗೆ ಮತ್ತು ಬೆರಳಿಗೆ ಆರ್ಬನ್‌ನನ್ನು ನಂಬಿ, ಉಸಿರಿಗೆ, ತುಟಿಗೆ ನಿಮ್ಮ ಮೈ ಬಲ್ಲ ಗುರುವನ್ನು ಹುಡುಕಿ, ಆರ್ಕೆಸ್ಟ್ರಾದ ಕೃತಿಗಳನ್ನು ಇಡಿಯಾಗಿ ಕೇಳಿ. ಮತ್ತು ದಿನದ ಅಭ್ಯಾಸ ಮುಗಿಸುವ ಮುನ್ನ ಆ 150ರಲ್ಲಿ ಒಂದು ಹಾಡನ್ನು, ಮೊದಲು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ.