ಬ್ರಿಕ್ಸ್ ನೋಡಿ ಕೊಳ್ಳುವವರು

ಕೆಚಪ್, ಪಿಜ್ಜಾ ಸಾಸ್ ತಯಾರಿಸುವ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಕೊಳ್ಳುವುದು ಟೊಮೆಟೊ ಹಣ್ಣನ್ನಲ್ಲ, ಇನ್ನೂರು ಲೀಟರಿಗೂ ಮಿಕ್ಕಿದ ಉಕ್ಕಿನ ಡ್ರಮ್ಮಿನೊಳಗೆ ಗಾಳಿಯಾಡದ ಚೀಲದಲ್ಲಿ ತುಂಬಿದ ಪೇಸ್ಟನ್ನು. ಚೀಟಿಯ ಮೇಲೆ ‘28–30 ಬ್ರಿಕ್ಸ್, ಹಾಟ್ ಬ್ರೇಕ್’ ಎಂದಿದ್ದರೆ ಅರ್ಧ ವ್ಯಾಪಾರ ಮುಗಿದಂತೆಯೇ. ಬ್ರಿಕ್ಸ್ ಎಂದರೆ ರಸದಲ್ಲಿ ಕರಗಿರುವ ಘನಾಂಶದ ಅಳತೆ. ಹಣ್ಣನ್ನು ಜಜ್ಜಿದ ಕೂಡಲೇ 90 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಪೆಕ್ಟಿನ್ ಒಡೆಯುವ ಕಿಣ್ವಗಳು ನಿಷ್ಕ್ರಿಯವಾಗಿ ಪೇಸ್ಟ್ ಗಟ್ಟಿಯಾಗಿ ನಿಲ್ಲುತ್ತದೆ; ಅದೇ ಹಾಟ್ ಬ್ರೇಕ್. ಎಷ್ಟು ಗಟ್ಟಿ ಎಂದು ತಿಳಿಯಲು ಪೇಸ್ಟನ್ನು ನೀರು ಬೆರೆಸಿ ಹದಮಾಡಿ ಬಾಸ್ಟ್‌ವಿಕ್ ಎಂಬ ಉದ್ದನೆಯ ತೊಟ್ಟಿಗೆ ಹಾಕಿ, 30 ಸೆಕೆಂಡಿನಲ್ಲಿ ಎಷ್ಟು ಸೆಂಟಿಮೀಟರ್ ಹರಿಯಿತೆಂದು ನೋಡುತ್ತಾರೆ.

ಪದಾರ್ಥವನ್ನು ಅಳೆಯುವುದರಲ್ಲಿ ಈ ಪದ್ಧತಿ ಕಟ್ಟುನಿಟ್ಟು, ಅದನ್ನು ಮೆಚ್ಚಲೇಬೇಕು. ಆದರೆ ಹಣ್ಣು ಯಾವ ನೆಲದ್ದು, ಅದನ್ನು ಕೊಯ್ದವರು ಯಾರು, ಬೆಳೆಗಾರನಿಗೆ ಏನು ಸಿಕ್ಕಿತು ಎಂಬುದನ್ನು ಅದು ಕೇಳುವುದೇ ಇಲ್ಲ. ಈಚಿನ ವರ್ಷಗಳಲ್ಲಿ ದರದ ಹುಚ್ಚು ಏರಿಳಿತಕ್ಕೆ ಬರ ಎಷ್ಟು ಕಾರಣವೋ ಕೊಳ್ಳುವವರ ಈ ಮೌನವೂ ಅಷ್ಟೇ ಕಾರಣ.

ಕ್ಯಾಲಿಫೋರ್ನಿಯಾದಲ್ಲಿ 2021–22ರಲ್ಲಿ ನೀರು ಸಾಲದೆ ಬೆಳೆ ಕುಗ್ಗಿತು. 2023ರಲ್ಲಿ ಬೆಳೆಗಾರರಿಗೆ ಒಂದು ಶಾರ್ಟ್ ಟನ್ನಿಗೆ, ಅಂದರೆ ಸುಮಾರು 907 ಕೆಜಿಗೆ, 138 ಡಾಲರ್ ನಿಗದಿಯಾಯಿತು. ಅದು ಅಲ್ಲಿಯವರೆಗಿನ ಅತಿ ಹೆಚ್ಚಿನ ದರ. ಕೊಳ್ಳುವವರು ಅಗ್ಗದ ಕಡೆಗೆ ತಿರುಗಿದರು. ಚೀನಾದಲ್ಲಿ 2021ರಲ್ಲಿ 50 ಲಕ್ಷ ಟನ್ನಿಗಿಂತ ಕಡಿಮೆಯಿದ್ದ ಕಾರ್ಖಾನೆ ಟೊಮೆಟೊ 2024ಕ್ಕೆ ಒಂದು ಕೋಟಿ ಟನ್ ದಾಟಿತು. ಆ ವರ್ಷ ಜಗತ್ತಿನ ಒಟ್ಟು ಬೆಳೆ ಸುಮಾರು ನಾಲ್ಕೂವರೆ ಕೋಟಿ ಟನ್. ಗೋದಾಮು ತುಂಬಿತು, ದರ ಕುಸಿಯಿತು, ಮರುವರ್ಷ ಚೀನಾದ ಬೆಳೆ ಅರ್ಧಕ್ಕಿಂತ ಕೆಳಗಿಳಿಯಿತು. ಅಗ್ಗವೆಂದು ಈಗ ಒಂದೇ ದೇಶಕ್ಕೆ ಜೋತುಬೀಳುವವರು, ದಾಸ್ತಾನು ಕರಗಿದಾಗ ದುಬಾರಿ ದರಕ್ಕೆ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ.

ಅದಕ್ಕಿಂತ ಗಂಭೀರವಾದದ್ದು ಮೂಲದ ಪ್ರಶ್ನೆ. ಚೀನಾದ ಬೆಳೆಯ ಬಹುಪಾಲು ಬರುವುದು ಶಿನ್‌ಜಿಯಾಂಗಿನಿಂದ. ಉಯಿಘರ್ ಜನರನ್ನು ಬಲವಂತವಾಗಿ ದುಡಿಸುತ್ತಾರೆಂಬ ಕಾರಣಕ್ಕೆ ಅಮೆರಿಕ 2021ರ ಜನವರಿಯಲ್ಲಿ ಅಲ್ಲಿನ ಟೊಮೆಟೊ ಉತ್ಪನ್ನಗಳನ್ನು ಗಡಿಯಲ್ಲೇ ತಡೆಯತೊಡಗಿತು. ಚೀನಾದ ಪೇಸ್ಟ್ ಇಟಲಿಯ ಕಾರ್ಖಾನೆಗಳಲ್ಲಿ ತೆಳುವಾಗಿ, ಡಬ್ಬಿ ಸೇರಿ ಆಫ್ರಿಕಾದ ಮಾರುಕಟ್ಟೆಗಳಿಗೆ ಹೋಗುವುದನ್ನು ಫ್ರೆಂಚ್ ಪತ್ರಕರ್ತ ಜಾನ್ ಬಾಪ್ಟಿಸ್ಟ್ ಮಾಲೆ 2017ರಲ್ಲೇ ತಮ್ಮ ಪುಸ್ತಕದಲ್ಲಿ ಬಯಲಿಗೆಳೆದಿದ್ದರು. ಬ್ರಿಟನ್ನಿನ ಅಂಗಡಿಗಳಲ್ಲಿ ಇಟಲಿಯ ಹೆಸರಿನಲ್ಲಿ ಮಾರಾಟವಾಗುವ ಕೆಲವು ಪ್ಯೂರಿಗಳಲ್ಲಿ ಚೀನಾದ ಟೊಮೆಟೊ ಇರುವಂತಿದೆ ಎಂದು 2024ರ ಡಿಸೆಂಬರಿನಲ್ಲಿ ಬಿಬಿಸಿ ವರದಿ ಮಾಡಿತು. ಅಂಗಡಿಗಳು ಅದನ್ನು ಅಲ್ಲಗಳೆದವು. ಇಂಥ ವಾದ ಹುಟ್ಟುವುದಕ್ಕೆ ಎಡೆಯಿರುವುದೇ ಪದ್ಧತಿಯ ಸೋಲು. ಬಾಸ್ಟ್‌ವಿಕ್‌ಗೆ ಕೊಡುವ ಗಮನದ ಕಾಲುಭಾಗವನ್ನಾದರೂ ಮೂಲಕ್ಕೆ ಕೊಟ್ಟಿದ್ದರೆ ಅದು ಏಳುತ್ತಲೇ ಇರಲಿಲ್ಲ.

ಕ್ಯಾಲಿಫೋರ್ನಿಯಾದ ಕ್ರಮದಲ್ಲಿ ನನಗೆ ಹಿಡಿಸುವ ಸಂಗತಿಯೊಂದಿದೆ. ಅಲ್ಲಿ ಬೆಳೆಗಾರರ ಸಂಘ ಕಾರ್ಖಾನೆಗಳ ಜೊತೆ ಕೂತು ಕೊಯ್ಲಿಗೆ ತಿಂಗಳುಗಳ ಮೊದಲೇ ದರ ಮಾತಾಡಿ ಮುಗಿಸುತ್ತದೆ. ಲಾರಿ ಬಂದಾಗ ಬಣ್ಣ, ಬೂಷ್ಟು, ಹುಳುಕು ನೋಡುವುದು ಕಾರ್ಖಾನೆಯವರಲ್ಲ, ಮೂರನೆಯವರು.

ನಮ್ಮ ಕೋಲಾರದ ಮಂಡಿಯಲ್ಲಿ ದರ ಹುಟ್ಟುವುದು ಹರಾಜಿನ ಬೆಳಿಗ್ಗೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಬೇರೆ ಹಂಗಾಮುಗಳಲ್ಲಿ ಅದೇ ರೈತರು ಹಣ್ಣನ್ನು ರಸ್ತೆಬದಿಗೆ ಸುರಿದಿದ್ದಾರೆ. ಆಗೆಲ್ಲ ‘ಪೇಸ್ಟ್ ಕಾರ್ಖಾನೆ ಹಾಕಿ’ ಎಂಬ ಮಾತು ಏಳುತ್ತದೆ. ಆದರೆ ಅಡುಗೆಗೆ ಬೆಳೆದ ಹಣ್ಣಿನಲ್ಲಿ ಘನಾಂಶ ಕಡಿಮೆ. ಸಂಸ್ಕರಣೆಯ ತಳಿಯಲ್ಲೇ ಒಂದು ಕಿಲೋ ಪೇಸ್ಟಿಗೆ ಸುಮಾರು ಆರು ಕಿಲೋ ಹಣ್ಣು ಬೇಕು, ನಮ್ಮದಕ್ಕೆ ಇನ್ನೂ ಹೆಚ್ಚು. ಆ ನೀರನ್ನೆಲ್ಲ ಆವಿ ಮಾಡುವ ಖರ್ಚು ಬೇರೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸಂಸ್ಕರಣೆಗೆಂದೇ ಅರ್ಕಾ ಅಪೇಕ್ಷಾ, ಅರ್ಕಾ ವಿಶೇಷ್ ತಳಿಗಳನ್ನು ಕೊಟ್ಟಿದೆ. ಕೊಳ್ಳುವ ಕಂಪನಿಗಳು ನಾಟಿಗೆ ಮೊದಲೇ ದರ ಬರೆದುಕೊಡಲಿ, ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ. ಆ ಕಾಗದ ಕೈಗೆ ಬರದೆ ಯಾವ ರೈತ ತಾನೇ ಮಂಡಿಯಲ್ಲಿ ಬೇಡಿಕೆಯಿಲ್ಲದ ತಳಿಯನ್ನು ನೆಟ್ಟಾನು?