ಆಟಿಕೆಯ ಲಿಂಗ ವಿಚಾರ

ಕನ್ನಡ ವ್ಯಾಕರಣದಲ್ಲಿ ‘ಮಗು’ ನಪುಂಸಕ ಲಿಂಗ. ಮಗು ಅತ್ತಿತು, ಮಗು ನಕ್ಕಿತು ಎನ್ನುತ್ತೇವೆ; ಗಂಡೋ ಹೆಣ್ಣೋ ಎಂದು ಕ್ರಿಯಾಪದ ಕೇಳುವುದಿಲ್ಲ. ಚೆಂಡು, ಬುಗುರಿ, ಗೊಂಬೆಗಳಿಗೂ ಅದೇ ಲಿಂಗ. ಮಗುವನ್ನೂ ಆಟಿಕೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಈ ಔದಾರ್ಯ ವ್ಯಾಕರಣದಲ್ಲುಂಟು, ಅಂಗಡಿಯಲ್ಲಿಲ್ಲ ಎಂಬುದು ಮೊನ್ನೆ ನನಗೆ ಮನವರಿಕೆಯಾಯಿತು.

ಆರು ತುಂಬಲಿರುವ ಮೊಮ್ಮಗಳಿಗೆ ಉಡುಗೊರೆ ಕೊಳ್ಳಲೆಂದು ಮೊಬೈಲಿನಲ್ಲಿ ಆನ್‌ಲೈನ್ ಅಂಗಡಿಯೊಂದನ್ನು ತೆರೆದೆ. ವಯಸ್ಸು, ಬೆಲೆಗಳ ಜೊತೆಗೆ ‘ಹುಡುಗ’, ‘ಹುಡುಗಿ’ ಎಂಬ ಎರಡು ಚೌಕಗಳು. ಬೆರಳು ತಾನೇ ತಾನಾಗಿ ‘ಹುಡುಗಿ’ಯನ್ನು ಒತ್ತಿತು. ಪರದೆಯೆಲ್ಲ ಗುಲಾಬಿಯಾಯಿತು: ಒಲೆ, ಕನ್ನಡಿ, ಬಾಚಣಿಗೆ, ತೊಟ್ಟಿಲು. ನಮ್ಮ ಹುಡುಗಿಯೋ, ಮಿಕ್ಸಿ ರಿಪೇರಿಯವನು ಬಂದರೆ ಊಟ ಮರೆತು ಅವನ ಪಕ್ಕದಲ್ಲಿ ಕೂರುವವಳು. ಅವಳು ಬಯಸುವ ತಿರುಪು, ಸ್ಪ್ಯಾನರುಗಳ ಪೆಟ್ಟಿಗೆ ಇನ್ನೊಂದು ಚೌಕದಲ್ಲಿತ್ತು.

ವರ್ಗೀಕರಣವೇ ತಪ್ಪೆಂದು ನನ್ನ ವಾದವಲ್ಲ. ‘ಮೂರು ವರ್ಷದೊಳಗಿನವರಿಗಲ್ಲ’ ಎಂಬ ಚೀಟಿ, ಸಣ್ಣ ಚೂರು ಗಂಟಲಲ್ಲಿ ಸಿಕ್ಕೀತೆಂದು ಎಚ್ಚರಿಸುತ್ತದೆ. 2021ರ ಜನವರಿಯಿಂದ ನಮ್ಮಲ್ಲಿ ಕಾರ್ಖಾನೆಯ ಆಟಿಕೆಗಳಿಗೆ ಕಡ್ಡಾಯವಾದ ಐಎಸ್‌ಐ ಗುರುತು ಸುರಕ್ಷತೆಯ ಮಾತನ್ನಾಡುತ್ತದೆ. ಎರಡೂ ವಸ್ತುವಿನ ಗುಣವನ್ನು ತಿಳಿಸತಕ್ಕವು. ‘ಹುಡುಗಿಯರಿಗೆ’ ಎಂಬ ಶೀರ್ಷಿಕೆ ಏನನ್ನು ತಿಳಿಸುತ್ತದೆ? ಅದು ಪುಸ್ತಕವನ್ನು ಓದದೆ, ರಟ್ಟಿನ ಬಣ್ಣ ನೋಡಿ ಬರೆದ ವಿಮರ್ಶೆ.

ಹಿಂದೆ ಈ ಭೇದವಿರಲಿಲ್ಲವೆ ಎಂದು ಓದುಗರು ಕೇಳಬಹುದು. ಇತ್ತು. ಗೋಲಿ, ಬುಗುರಿ ಹುಡುಗರ ಪಾಲು. ಕುಂಟೆಬಿಲ್ಲೆ ಹುಡುಗಿಯರ ಪಾಲು. ಆದರೆ ಜಗಲಿಯ ಮೇಲೆ ಕುಳಿತವಳಿಗೆ ಬುಗುರಿ ಕಣ್ಣಿಗಾದರೂ ಬೀಳುತ್ತಿತ್ತು. ಅಣ್ಣನಿಲ್ಲದಾಗ ಒಮ್ಮೆ ದಾರ ಸುತ್ತಿ ಎಸೆಯುತ್ತಿದ್ದಳು. ಚೌಕವನ್ನು ಒತ್ತಿದ ಮೇಲೆ ಉಳಿದರ್ಧ ಲೋಕ ಕಾಣುವುದೇ ಇಲ್ಲ. ಬೇಡವೆಂದವರೊಡನೆ ಜಗಳವಾಡಬಹುದು, ಕಾಣದ್ದಕ್ಕಾಗಿ ಹಟ ಹಿಡಿಯುವುದು ಹೇಗೆ?

ಹೊರದೇಶದಲ್ಲಿ ಈ ವಿಚಾರ ಕಾನೂನಿನವರೆಗೆ ಹೋಗಿದೆ. ಅಮೆರಿಕದ ಟಾರ್ಗೆಟ್ ಮಳಿಗೆಗಳು ಆಟಿಕೆ ಸಾಲುಗಳ ಇಂಥ ಫಲಕಗಳನ್ನು ತೆಗೆಯುವುದಾಗಿ 2015ರಲ್ಲಿ ಸಾರಿದವು. ಕ್ಯಾಲಿಫೋರ್ನಿಯಾದಲ್ಲಿ 500 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ದೊಡ್ಡ ಮಳಿಗೆಗಳು ಎಲ್ಲ ಮಕ್ಕಳಿಗೂ ಸಲ್ಲುವ ಒಂದು ವಿಭಾಗವನ್ನಿಡಬೇಕೆಂಬ 2021ರ ಕಾನೂನು 2024ರ ಜನವರಿಯಲ್ಲಿ ಜಾರಿಗೆ ಬಂತು. ಆದರೆ ಅದು ಕಟ್ಟಡದ ಅಂಗಡಿಗೆ ಮಾತ್ರ; ಅಂಗೈಯ ಅಂಗಡಿಗೆ ಅನ್ವಯಿಸದು.

ಹಾಗೆಂದು ವ್ಯಾಪಾರಿಯೊಬ್ಬನನ್ನೇ ದೂರಿದರೆ ಆತ್ಮವಂಚನೆಯಾದೀತು. ಮೂವತ್ತು ವರ್ಷದ ಹಿಂದೆ ಚೆನ್ನಪಟ್ಟಣದ ಅಂಗಡಿಯೊಂದರಲ್ಲಿ ಬಂಡಿ, ಗಿಲಕಿ, ಅಡಿಗೆ ಸಾಮಾನುಗಳೆಲ್ಲ ಒಂದೇ ಹಲಗೆಯ ಮೇಲಿದ್ದವು. ನನ್ನ ಮಗ ಅಡಿಗೆ ಸಾಮಾನಿಗೆ ಕೈಚಾಚಿದ. “ಗಂಡು ಹುಡುಗನಿಗೆ ಒಲೆ ಏಕೋ?” ಎಂದು ಬಂಡಿ ಕೊಡಿಸಿದವನು ನಾನೇ. ಚೌಕ ಆಗ ನನ್ನ ತಲೆಯಲ್ಲಿತ್ತು. ಇಂದಿಗೂ ಅವನಿಗೆ ಒಂದು ಲೋಟ ಕಾಫಿ ಬೆರೆಸಲು ಬಾರದು. ಆಫೀಸಿನಿಂದ ದಣಿದು ಬಂದ ಸೊಸೆಯೇ ಒಲೆ ಹಚ್ಚಬೇಕು. ಆ ಬಂಡಿಯ ಬೆಲೆಯನ್ನು ಅವಳು ತೆರುತ್ತಿದ್ದಾಳೆ.

ಗುರುತನ್ನು ಅಳಿಸಿ ಮೊಬೈಲನ್ನು ಮೊಮ್ಮಗಳ ಕೈಗಿತ್ತೆ. ಬಹಳ ಹೊತ್ತು ನೋಡಿ, ತಿರುಪಿನ ಪೆಟ್ಟಿಗೆಯನ್ನೂ ಗುಲಾಬಿ ಒಲೆಯನ್ನೂ ಆರಿಸಿದಳು.

“ಒಲೆ ಯಾಕೆ ಪುಟ್ಟಿ?” ಎಂದೆ.

“ಬಿಚ್ಚಿ ನೋಡೋಕೆ, ತಾತ.”