ಬಿಂಬದ ಎದುರು ಒಂಟಿ ನಟಿ

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ (2005) ರಂಗದ ಮೇಲೆ ಒಬ್ಬಳೇ ನಟಿಯನ್ನು ನಿಲ್ಲಿಸುತ್ತದೆ, ಟಿ.ವಿ. ಪರದೆಯಿಂದ ಅವಳನ್ನು ಪ್ರಶ್ನಿಸುವ ಬಿಂಬವೂ ಅವಳದೇ. ಮೊದಲೇ ಚಿತ್ರೀಕರಿಸಿದ ಬಿಂಬ ಕಾಯುವುದಿಲ್ಲ. ಎದುರಿಗಿರುವ ನಟಿಯೇ ಅದರ ಲಯಕ್ಕೆ ಹೊಂದಿಕೊಳ್ಳಬೇಕು. ನೆನಪಿನ ನಿಷ್ಠುರತೆ ಇಲ್ಲಿ ಅಭಿನಯದ ನಿಯಮವೇ ಆಗಿದೆ. ಕನ್ನಡ ಕತೆಗಾರ್ತಿ ಮಂಜುಳಾ ಇಂಗ್ಲಿಷಿಗೆ ಹೊರಳಿದ್ದಕ್ಕಿಂತ, ತೀರಿಹೋದ ತಂಗಿ ಮಾಲಿನಿಯ ಕಾದಂಬರಿಯನ್ನು ತನ್ನದೆಂದದ್ದೇ ಆಕೆಯನ್ನು ಒಂಟಿಯಾಗಿಸುತ್ತದೆ. ಕನ್ನಡ-ಮರಾಠಿಗಳೆರಡೂ ಕೇಳುವ ವಿಶ್ರಾಮಬಾಗದಂಥ ನೆಲೆಗೆ ಈ ಭೇದ ಮುಖ್ಯ. ಕರ್ನಾಟಕದ ಮೇಳವೊಂದರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು; ಆ ಋಣವನ್ನು ಮರಾಠಿ ರಂಗಚರಿತ್ರೆ ದಾಖಲಿಸಿದೆ. ಮಂಜುಳಾ ತನ್ನ ಋಣವನ್ನು ಅಡಗಿಸುತ್ತಾಳೆ. ಆದರೆ ನಾಟಕವೂ ಪೂರ್ತಿ ನಿರ್ದೋಷಿಯಲ್ಲ: ಮಾಲಿನಿಯ ಮಾತು ಕೊನೆಯವರೆಗೂ ಅಕ್ಕನ ಮುಖದಿಂದಲೇ ಬರಬೇಕಾಗಿದೆ.